ಹಾರ್ಡ್ ಡಿಸ್ಕ್ 3 ಅಂದ್ರೆ ಒಳಗಡೆ ಯಾವ್ದು? ವಿಎಂ ಡಿಸ್ಕ್‌ಗಳ ಗುರುತು ಹಿಡಿಯೋ ರಿಪೋರ್ಟ್ ಬಗ್ಗೆ ಒಂದು ಮಾತು

(ಸಿಸ್ಟಂ ಅಡ್ಮಿನ್‌ಗಳ ಮುಂದೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಹಾಗಾಗಿ ಮಾತಿನ ಧಾಟಿ ಹಾಗೇ ಉಳಿದಿದೆ. ಸ್ಕ್ರೀನ್ ಮೇಲೆ ತೋರ್ಸಿದ ಸ್ಕ್ರಿಪ್ಟನ್ನ ಮಾತ್ರ ಇಲ್ಲಿ ಬಾಯಲ್ಲಿ ಬಿಡಿಸಿ ಹೇಳಿದೀನಿ.)

ಎಲ್ರಿಗೂ ನಮಸ್ಕಾರ. ನಿಮ್ಮಲ್ಲಿ ಎಷ್ಟು ಜನಕ್ಕೆ ಈ ಥರ ಟಿಕೆಟ್ ಬಂದಿದೆ ಹೇಳಿ: "ಡೇಟಾಬೇಸ್ ಸರ್ವರ್‌ನಲ್ಲಿ ಜಿ ಡ್ರೈವ್ ತುಂಬಿದೆ, 100 ಜಿಬಿ ಹೆಚ್ಚಿಸಿ ಕೊಡಿ". ಕೈ ಎತ್ತಿದೋರೇ ಜಾಸ್ತಿ ಇದೀರಿ. ಕೇಳೋಕೆ ಎರಡು ನಿಮಿಷದ ಕೆಲ್ಸ ಅನ್ಸುತ್ತೆ. ಆ ಸರ್ವರ್ ಒಂದು ವಿಎಂ, ಅಂದ್ರೆ ವರ್ಚುಯಲ್ ಮಷೀನ್. ನೀವು ವಿಸೆಂಟರ್ (ವಿಎಂಗಳನ್ನ ನೋಡ್ಕೊಳ್ಳೋ ವಿಎಂವೇರ್ ಸಾಫ್ಟ್‌ವೇರ್) ಓಪನ್ ಮಾಡ್ತೀರಿ, ಆ ವಿಎಂ ಸೆಟ್ಟಿಂಗ್ಸ್‌ಗೆ ಹೋಗ್ತೀರಿ, ಅಲ್ಲಿ ಹಾರ್ಡ್ ಡಿಸ್ಕ್ 1 ರಿಂದ ಹಾರ್ಡ್ ಡಿಸ್ಕ್ 11 ರವರೆಗೆ ಸಾಲಾಗಿ ನಿಂತಿರುತ್ತೆ, ಅದ್ರಲ್ಲಿ ನಾಲ್ಕು ಡಿಸ್ಕ್ ಒಂದೇ ಸೈಜು, 200 ಜಿಬಿ. ಜಿ ಡ್ರೈವ್ ಯಾವ್ದು? ವಿಸೆಂಟರ್‌ಗೆ ಜಿ ಅನ್ನೋ ಅಕ್ಷರ ಗೊತ್ತಿಲ್ಲ, ವಿಂಡೋಸ್‌ಗೆ ಹಾರ್ಡ್ ಡಿಸ್ಕ್ 7 ಅನ್ನೋ ಹೆಸ್ರು ಗೊತ್ತಿಲ್ಲ. ಒಂದೇ ವಸ್ತುಗೆ ಎರಡು ಮನೇಲಿ ಎರಡು ಹೆಸ್ರು, ಇಬ್ರೂ ಒಬ್ರ ಭಾಷೆ ಒಬ್ರಿಗೆ ಬರಲ್ಲ.

ಮೊದ್ಲು ನನ್ನ ಅನುಭವ ಹೇಳ್ತೀನಿ, ಯಾಕಂದ್ರೆ ಈ ರಿಪೋರ್ಟ್, ಅಂದ್ರೆ ಪ್ರತಿ ಡಿಸ್ಕಿನ ಹೊರಗಿನ ಹೆಸ್ರು ಒಳಗಿನ ಹೆಸ್ರು ಎರಡನ್ನೂ ಒಂದೇ ಸಾಲಲ್ಲಿ ಜೋಡಿಸಿ ಸ್ಕ್ರಿಪ್ಟ್‌ನಿಂದ ತೆಗೆಯೋ ಪಟ್ಟಿ, ಇದರ ಬಗ್ಗೆ ನಾನು ಇಷ್ಟೊಂದು ತಲೆ ಕೆಡಿಸ್ಕೊಳ್ಳೋಕೆ ಅದೇ ಕಾರಣ. ಹಿಂದೆ ನಾನು ಕೆಲ್ಸ ಮಾಡ್ತಿದ್ದ ಒಂದು ಕಡೆ ಇದೇ ಥರದ್ದು ಒಂದು ಸರ್ವರ್, ಹನ್ನೊಂದು ಡಿಸ್ಕು. ಬಂದಿದ್ದು ಹೆಚ್ಚಿಸೋ ಟಿಕೆಟ್ ಅಲ್ಲ, ತೆಗೆಯೋ ಟಿಕೆಟ್: ಒಂದು ಡ್ರೈವಿನ ಡೇಟಾ ಎಲ್ಲಾ ಬೇರೆ ಕಡೆ ಸಾಗ್ಸಿದೀವಿ, ಆ ಡಿಸ್ಕ್ ತೆಗೆದುಬಿಡಿ ಅಂತ. ನಾನು ವಿಂಡೋಸ್ ಒಳಗೆ ನೋಡಿದೆ, ಆ ಡ್ರೈವ್ ಡಿಸ್ಕ್ 6 ರ ಮೇಲೆ ಇತ್ತು. ವಿಂಡೋಸ್ ಸೊನ್ನೆಯಿಂದ ಎಣಿಸುತ್ತೆ, ವಿಸೆಂಟರ್ ಒಂದರಿಂದ ಎಣಿಸುತ್ತೆ, ಹಾಗಾದ್ರೆ ಇದು ಹಾರ್ಡ್ ಡಿಸ್ಕ್ 7, ಸೈಜ್ ನೋಡಿದೆ 200 ಜಿಬಿ, ಸರಿಯಾಗೇ ಇದೆ ಅಂತ ಫೈಲ್ ಸಮೇತ ಡಿಲೀಟ್ ಕೊಟ್ಟೆ. ಎರಡು ನಿಮಿಷ ಆಗೋಷ್ಟ್ರಲ್ಲಿ ಫೋನ್. ನಾನು ತೆಗೆದಿದ್ದು ಟ್ರಾನ್ಸಾಕ್ಷನ್ ಲಾಗ್ ಇದ್ದ ಡಿಸ್ಕ್. ಬ್ಯಾಕಪ್‌ನಿಂದ ವಾಪಸ್ ತರೋಷ್ಟ್ರಲ್ಲಿ ಬೆಳಗಾಯ್ತು. ತಪ್ಪು ನನ್ನದೇ, ಆದ್ರೆ ಆ ರಾತ್ರಿ ನನ್ನ ಕೈಲಿ ಸರಿಯಾದ ಒಂದು ಸಾಲಿನ ಮಾಹಿತಿ ಇದ್ದಿದ್ರೆ ಆ ತಪ್ಪು ಆಗ್ತಾನೇ ಇರಲಿಲ್ಲ, ಇದನ್ನ ನಾನು ಪೂರ್ತಿ ನಂಬಿ ಹೇಳ್ತಿದೀನಿ.

ಒಂದು ಕೂಡಿಸೋ ಲೆಕ್ಕ ಇದೆಯಲ್ಲ, ಅದು ಸಣ್ಣ ವಿಎಂಗಳಲ್ಲಿ ಸರಿಯಾಗೇ ಬರುತ್ತೆ. ಅದೇ ಅಪಾಯ. ಎರಡು ಮೂರು ಡಿಸ್ಕ್ ಇರೋ ಕಡೆ ಹತ್ತು ಸಲ ಸರಿ ಬಂದಿದ್ದಕ್ಕೆ ಹನ್ನೊಂದನೇ ಸಲ ದೊಡ್ಡ ವಿಎಂ ಮೇಲೂ ಅದೇ ಲೆಕ್ಕ ಹಾಕ್ತೀವಿ.

ಈಗ ಹೊರಗಡೆಯಿಂದ, ಅಂದ್ರೆ ಹೈಪರ್‌ವೈಸರ್ (ವಿಎಂಗಳನ್ನ ಓಡಿಸೋ ಸಾಫ್ಟ್‌ವೇರ್) ಕಡೆಯಿಂದ ಒಂದು ಡಿಸ್ಕಿಗೆ ಏನೇನು ಗುರುತು ಇದೆ ನೋಡೋಣ. ನಾನು ವಿಎಂವೇರ್ ವಿಸ್ಫಿಯರ್ ಇಟ್ಕೊಂಡೇ ಮಾತಾಡ್ತೀನಿ, ನಮ್ಮಲ್ಲಿ ಹೆಚ್ಚಿನೋರು ಅದನ್ನೇ ನೋಡಿರೋದು, ಕೊನೇಲಿ ಬೇರೆಯವ್ರ ಬಗ್ಗೆನೂ ಎರಡು ಮಾತು ಹೇಳ್ತೀನಿ. ವಿಎಂನ ಕಾನ್ಫಿಗ್ ಒಳಗೆ ಹಾರ್ಡ್‌ವೇರ್ ಅಂತ ಇದೆ, ಅದರೊಳಗೆ ಡಿವೈಸ್ ಅಂತ ಒಂದು ಪಟ್ಟಿ. ನೆಟ್‌ವರ್ಕ್ ಕಾರ್ಡ್, ಸಿಡಿ ಡ್ರೈವ್, ಕೀಬೋರ್ಡ್, ಡಿಸ್ಕ್‌ಗಳು ತಗಲಿಕೊಳ್ಳೋ ಕಂಟ್ರೋಲರ್, ಡಿಸ್ಕ್ ಎಲ್ಲಾ ಆ ಒಂದೇ ಪಟ್ಟೀಲಿ ಒಟ್ಟಿಗೆ ಬಿದ್ದಿರುತ್ತೆ. ಪ್ರತಿಯೊಂದಕ್ಕೂ ಕೀ ಅಂತ ಒಂದು ನಂಬರ್. ಡಿಸ್ಕ್ ಆದ್ರೆ ಅದರ ಜೊತೆ ಕಂಟ್ರೋಲರ್ ಕೀ ಮತ್ತೆ ಯೂನಿಟ್ ನಂಬರ್ ಅಂತ ಇನ್ನೆರಡು. ಕಂಟ್ರೋಲರ್ ಕೀ ಅಂದ್ರೆ ನಾನು ಯಾರಿಗೆ ತಗಲಿಕೊಂಡಿದೀನಿ ಅಂತ, ಯೂನಿಟ್ ನಂಬರ್ ಅಂದ್ರೆ ಅವರ ಹತ್ರ ಎಷ್ಟನೇ ಜಾಗದಲ್ಲಿ ಕೂತಿದೀನಿ ಅಂತ.

ಈ ಕೀಗಳಿಗೆ ಒಂದು ಸಂಪ್ರದಾಯ ಇದೆ. ಐಡಿಇ, ಸ್ಕಸಿ, ಸಾಟಾ, ಎನ್‌ವಿಎಂಇ ಅಂದ್ರೆ ಡಿಸ್ಕ್ ಜೋಡಿಸೋ ಬೇರೆ ಬೇರೆ ಪದ್ಧತಿಗಳು. ಐಡಿಇ ಕಂಟ್ರೋಲರ್‌ಗಳು 200 ಮತ್ತೆ 201. ಸ್ಕಸಿ ಕಂಟ್ರೋಲರ್‌ಗಳು 1000 ದಿಂದ 1003. ಸಾಟಾ 15000 ದಿಂದ, ಎನ್‌ವಿಎಂಇ 31000 ದಿಂದ. ಸ್ಕಸಿ ಮೇಲಿನ ಡಿಸ್ಕ್‌ಗಳ ಕೀ 2000 ದಿಂದ ಶುರು, ಮೊದಲ ಕಂಟ್ರೋಲರ್‌ನ ಸೊನ್ನೇ ಯೂನಿಟ್ 2000, ಎರಡನೇ ಕಂಟ್ರೋಲರ್‌ನ ಸೊನ್ನೇ ಯೂನಿಟ್ 2016. ಇದನ್ನ ನೋಡಿದ ತಕ್ಷಣ ಎಲ್ರಿಗೂ ಒಂದು ಆಸೆ ಬರುತ್ತೆ, 2000 ಕಳೆದು 16 ರಿಂದ ಭಾಗಿಸಿದ್ರೆ ಬಸ್ ನಂಬರ್ (ಎಷ್ಟನೇ ಕಂಟ್ರೋಲರ್ ಅಂತ), ಉಳಿದಿದ್ದು ಯೂನಿಟ್, ಮುಗೀತಲ್ಲ ಅಂತ. ದಯವಿಟ್ಟು ಹಾಗೆ ಬರೀಬೇಡಿ. ನಾನು ಅಂಥ ಸ್ಕ್ರಿಪ್ಟ್ ಓದಿದೀನಿ, ಬರೆದೂ ಇದೀನಿ. ಮುಂಚೆ ಒಂದು ಸ್ಕಸಿ ಕಂಟ್ರೋಲರ್‌ಗೆ 15 ಡಿಸ್ಕೇ ಮಿತಿ, 0 ಯಿಂದ 15 ರವರೆಗೆ ಹದಿನಾರು ಜಾಗ, ಅದ್ರಲ್ಲಿ 7 ನೇದು ಕಂಟ್ರೋಲರ್‌ಗೇ ಮೀಸಲು, ನಾಲ್ಕು ಕಂಟ್ರೋಲರ್ ಸೇರಿ 60. ವಿಸ್ಫಿಯರ್ 6.7 ಬಂದ್ಮೇಲೆ ಪ್ಯಾರಾವರ್ಚುಯಲ್ ಸ್ಕಸಿ ಕಂಟ್ರೋಲರ್‌ನಲ್ಲಿ ಒಂದಕ್ಕೇ 64, ನಾಲ್ಕಕ್ಕೆ 256. ಅಂದ್ರೆ 16 ರಿಂದ ಭಾಗಿಸೋ ಲೆಕ್ಕ ಅಲ್ಲೇ ಮುರಿದುಬಿತ್ತು. ಕೀ ಅನ್ನೋದು ಹುಡುಕೋಕೆ ಇರೋದು, ಲೆಕ್ಕ ಹಾಕೋಕೆ ಅಲ್ಲ. ಕಂಟ್ರೋಲರ್ ಕೀ ತಗೊಳ್ಳಿ, ಅದೇ ಪಟ್ಟೀಲಿ ಆ ಕೀ ಇರೋ ಡಿವೈಸ್ ಹುಡುಕಿ, ಅದರ ಬಸ್ ನಂಬರ್ ಓದಿ. ಅಷ್ಟೇ, ಯಾವ ಗಣಿತನೂ ಬೇಡ.

ಕೀ ಬಗ್ಗೆ ಇನ್ನೊಂದು ಮಾತು, ಇದನ್ನ ಗಟ್ಟಿಯಾಗಿ ಹೇಳ್ಬೇಕು. ಒಂದು ಡಿವೈಸ್ ಆ ವಿಎಂನಲ್ಲಿ ಇರೋವರೆಗೆ ಅದರ ಕೀ ಬದಲಾಗಲ್ಲ. ಆದ್ರೆ ಡಿವೈಸ್ ತೆಗೆದ್ಮೇಲೆ ಅದೇ ಕೀಯನ್ನ ಆಮೇಲೆ ಸೇರಿಸಿದ ಇನ್ನೊಂದಕ್ಕೆ ಕೊಡಬಹುದು. ವಿಸ್ಫಿಯರ್ ಎಪಿಐ (ಸ್ಕ್ರಿಪ್ಟ್‌ಗಳು ವಿಸೆಂಟರ್ ಜೊತೆ ಮಾತಾಡೋ ದಾರಿ) ದಾಖಲೆಯಲ್ಲೇ ಇದನ್ನ ಸ್ಪಷ್ಟವಾಗಿ ಬರೆದಿದಾರೆ. ಅಂದ್ರೆ ಹೋದ ತಿಂಗಳ ನಿಮ್ಮ ರಿಪೋರ್ಟ್‌ನಲ್ಲಿ 2003 ಇದ್ದ ಡಿಸ್ಕ್, ಈ ತಿಂಗಳ ರಿಪೋರ್ಟ್‌ನಲ್ಲಿ 2003 ಇರೋ ಡಿಸ್ಕ್, ಎರಡೂ ಒಂದೇ ಅಂತ ಹೇಳೋಕಾಗಲ್ಲ. ಮತ್ತೆ ಕೀ ಅನ್ನೋದು ಆ ಒಂದು ವಿಎಂ ಒಳಗೆ ಮಾತ್ರ ವಿಶಿಷ್ಟ, ಪಕ್ಕದ ವಿಎಂನಲ್ಲೂ 2000 ಇರುತ್ತೆ. ಹಾರ್ಡ್ ಡಿಸ್ಕ್ 3 ಅನ್ನೋ ಲೇಬಲ್ ಕಥೆನೂ ಇದೇ, ಅದು ಮನುಷ್ಯರು ನೋಡಲಿ ಅಂತ ಇಟ್ಟ ಹೆಸ್ರು, ಸಾಕ್ಷಿ ಅಲ್ಲ.

ಕಂಟ್ರೋಲರ್ ಜಾತಿ ಬಗ್ಗೆ ಬೇಗ ಹೇಳಿ ಮುಂದೆ ಹೋಗ್ತೀನಿ. ಬಸ್‌ಲಾಜಿಕ್, ಎಲ್‌ಎಸ್‌ಐ ಲಾಜಿಕ್ ಪ್ಯಾರಲಲ್, ಎಲ್‌ಎಸ್‌ಐ ಲಾಜಿಕ್ ಎಸ್‌ಎಎಸ್, ಪ್ಯಾರಾವರ್ಚುಯಲ್, ಇವು ಸ್ಕಸಿ ಬಳಗ. ಸಾಟಾಗೆ ಎಎಚ್‌ಸಿಐ, ಒಂದಕ್ಕೆ 30 ಡಿವೈಸ್. ಎನ್‌ವಿಎಂಇ ವಿಸ್ಫಿಯರ್ 6.5 ರಲ್ಲಿ ಬಂತು. ಸ್ಕ್ರಿಪ್ಟ್‌ನಲ್ಲಿ ಡಿವೈಸಿನ ಟೈಪ್ ಹೆಸರು ಕೇಳಿದ್ರೆ ಇದು ನೇರವಾಗಿ ಸಿಗುತ್ತೆ, ಅದನ್ನ ಒಂದು ಕಾಲಂ ಮಾಡಿ. ಜೊತೆಗೆ ಬಸ್ ಶೇರಿಂಗ್ ಒಂದು ಕಾಲಂ, ಕ್ಲಸ್ಟರ್ ವಿಎಂಗಳಲ್ಲಿ ಇದು ಇಲ್ದಿದ್ರೆ ರಿಪೋರ್ಟ್ ಅರ್ಧವೇ, ಯಾಕಂದ್ರೆ ಒಂದೇ ಡಿಸ್ಕ್ ಎರಡು ವಿಎಂಗಳಲ್ಲಿ ಕಾಣಿಸುತ್ತೆ, ಓದೋರು ಡೂಪ್ಲಿಕೇಟ್ ಸಾಲು ಅನ್ಕೊಂಡು ಒಂದನ್ನ ಅಳಿಸಿಬಿಡ್ತಾರೆ.

ಇನ್ನು ಒಳಗಡೆ. ವಿಂಡೋಸ್‌ನಲ್ಲಿ ಡಿಸ್ಕ್ ನಂಬರ್, ಸ್ಕಸಿ ಪೋರ್ಟ್, ಟಾರ್ಗೆಟ್ ಐಡಿ, ಸೀರಿಯಲ್ ನಂಬರ್, ಆಮೇಲೆ ಪಾರ್ಟಿಶನ್, ಡ್ರೈವ್ ಅಕ್ಷರ. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸ್ರುಗಳು, ನಾಲ್ಕು ಅಂಕಿಯ ಹೋಸ್ಟ್, ಚಾನೆಲ್, ಟಾರ್ಗೆಟ್, ಲನ್ ವಿಳಾಸ, ಮತ್ತೆ ಡಬ್ಲ್ಯುಡಬ್ಲ್ಯುಎನ್, ಅಂದ್ರೆ ಡಿಸ್ಕಿನ ಜಾಗತಿಕ ಗುರುತು ಸಂಖ್ಯೆ. ಇಲ್ಲಿ ಟಾರ್ಗೆಟ್ ಐಡಿ ಅನ್ನೋದು ಹೊರಗಿನ ಯೂನಿಟ್ ನಂಬರ್ ಜೊತೆ ಸಾಮಾನ್ಯವಾಗಿ ಹೊಂದುತ್ತೆ. ಹಾಗಾದ್ರೆ ಪೋರ್ಟ್ ನಂಬರ್ ಹೊರಗಿನ ಬಸ್ ನಂಬರ್ ಜೊತೆ ಹೊಂದ್ಬೇಕಲ್ಲ ಅಂದ್ರೆ, ಇಲ್ಲ, ಅಲ್ಲೇ ಎಲ್ರೂ ಜಾರೋದು.

ಯಾಕೆ ಹೊಂದಲ್ಲ ಅಂದ್ರೆ, ಗೆಸ್ಟ್ ಓಎಸ್‌ಗೆ, ಅಂದ್ರೆ ವಿಎಂ ಒಳಗೆ ಓಡೋ ವಿಂಡೋಸ್ ಅಥವಾ ಲಿನಕ್ಸ್‌ಗೆ, ವಿಎಂವೇರ್ ಹೇಳೋ ಸ್ಕಸಿ 0, ಸ್ಕಸಿ 1 ಅನ್ನೋ ಹೆಸ್ರು ಕಾಣಿಸೋದೇ ಇಲ್ಲ. ಅದಕ್ಕೆ ಕಾಣಿಸೋದು ಪಿಸಿಐ ಬಸ್ ಮೇಲೆ ಕೂತಿರೋ ಕಾರ್ಡುಗಳು. ಯಾವ ಕಾರ್ಡು ಯಾವ ಪಿಸಿಐ ಸ್ಲಾಟಲ್ಲಿ ಇದೆ ಅನ್ನೋದನ್ನ ವಿಎಂನ ಸೆಟ್ಟಿಂಗ್ಸ್ ಇರೋ ವಿಎಂಎಕ್ಸ್ ಫೈಲ್‌ನಲ್ಲಿ ಪ್ರತಿ ಕಂಟ್ರೋಲರ್‌ಗೂ ಪಿಸಿಐ ಸ್ಲಾಟ್ ನಂಬರ್ ಅಂತ ಬರೆದಿಟ್ಟಿರುತ್ತೆ. ಕಂಟ್ರೋಲರ್‌ಗಳನ್ನ ಬೇರೆ ಬೇರೆ ಕಾಲದಲ್ಲಿ ಸೇರಿಸಿದ್ರೆ, ನಡುವೆ ಒಂದು ನೆಟ್‌ವರ್ಕ್ ಕಾರ್ಡ್ ಬಂದು ಸ್ಲಾಟ್ ಹಿಡಿದ್ರೆ, ಅಥವಾ ಕಂಟ್ರೋಲರ್ ಜಾತಿ ಬದಲಾಯಿಸಿದ್ರೆ ಆ ಕ್ರಮ ಬಸ್ ನಂಬರಿನ ಕ್ರಮದ ಹಾಗೆ ಇರಲ್ಲ. ಗೆಸ್ಟ್ ಒಳಗೆ ಎರಡನೇದಾಗಿ ಕಂಡ ಕಾರ್ಡು ಹೊರಗೆ ಸ್ಕಸಿ 3 ಆಗಿರಬಹುದು. ನನಗೆ ಆ ರಾತ್ರಿ ಆಗಿದ್ದೂ ಇದೇ: ಎರಡು ಕಂಟ್ರೋಲರ್ ಅದಲು ಬದಲಾಗಿ ಕಾಣ್ತಿತ್ತು, ಎರಡರ ಮೇಲೂ 200 ಜಿಬಿ ಡಿಸ್ಕು, ಟಾರ್ಗೆಟ್ ನಂಬರೂ ಒಂದೇ. ಹಾಗಾಗಿ ಆ ಪಿಸಿಐ ಸ್ಲಾಟ್ ನಂಬರನ್ನೂ ಎಕ್ಸ್‌ಟ್ರಾ ಕಾನ್ಫಿಗ್‌ನಿಂದ ತೆಗೆದು ರಿಪೋರ್ಟ್‌ಗೆ ಹಾಕಿ, ದಿನಾ ಬೇಕಾಗಲ್ಲ, ಆದ್ರೆ ಗೊಂದಲ ಆದ ದಿನ ಅದೇ ಉತ್ತರ ಹೇಳುತ್ತೆ.

ಈಗ ಮುಖ್ಯ ವಿಷಯಕ್ಕೆ ಬಂದೆ. ಎರಡೂ ಮನೇಲಿ ಒಂದೇ ಥರ ಕಾಣೋ ಗುರುತು ಒಂದಿದೆ, ಡಿಸ್ಕಿನ ಯುಯುಐಡಿ, ಅಂದ್ರೆ ಡಿಸ್ಕಿಗೆ ಕೊಟ್ಟ ಉದ್ದದ ವಿಶಿಷ್ಟ ಗುರುತು ಸಂಖ್ಯೆ. ಇದನ್ನ ಹತ್ರದಿಂದ ನೋಡೋಣ, ಸ್ಕ್ರೀನ್ ಮೇಲೆ ನಾನು ಒಂದೇ ಡಿಸ್ಕ್ ಇಟ್ಟಿದ್ದೆ. ವಿಎಂನ ಡಿಸ್ಕ್ ಡಿವೈಸ್ ಒಳಗೆ ಬ್ಯಾಕಿಂಗ್ (ಡಿಸ್ಕಿನ ಹಿಂದಿರೋ ಸ್ಟೋರೇಜಿನ ವಿವರ) ಅಂತ ಇದೆ, ಅದರೊಳಗೆ ಯುಯುಐಡಿ: 6000ಸಿ298-0471-9523-8860-174935520618. ಮೊದಲ ಏಳು ಅಕ್ಷರ 6000ಸಿ29 ಇದೆಯಲ್ಲ, ವಿಎಂವೇರ್ ವರ್ಚುಯಲ್ ಡಿಸ್ಕ್‌ಗಳಲ್ಲಿ ಶುರುವಾಗೋದೇ ಹಾಗೆ, ಅದನ್ನ ನೋಡಿದ್ರೆ ಇದು ವರ್ಚುಯಲ್ ಡಿಸ್ಕ್, ಸ್ಟೋರೇಜ್ ಬಾಕ್ಸಿಂದ ನೇರ ಬಂದಿದ್ದಲ್ಲ ಅಂತ ಕಣ್ಣಲ್ಲೇ ಗೊತ್ತಾಗುತ್ತೆ. ಇನ್ನು ಅದೇ ಡಿಸ್ಕನ್ನ ವಿಂಡೋಸ್ ಒಳಗೆ ಗೆಟ್-ಡಿಸ್ಕ್ ಕೊಟ್ಟು ಸೀರಿಯಲ್ ನಂಬರ್ ನೋಡಿ: 6000ಸಿ298047195238860174935520618. ಅಡ್ಡಗೆರೆ ಇಲ್ಲ, ಇಂಗ್ಲಿಷ್ ಅಕ್ಷರ ದೊಡ್ಡದರ ಬದಲು ಚಿಕ್ಕದು, ಉಳಿದಿದ್ದೆಲ್ಲ ಅದೇ. ಲಿನಕ್ಸ್ ಒಳಗೆ ಡೆವ್ ಡಿಸ್ಕ್ ಬೈ-ಐಡಿ ಫೋಲ್ಡರ್ ನೋಡಿದ್ರೆ ಎರಡು ವೇಷದಲ್ಲಿ ಸಿಗುತ್ತೆ, ಡಬ್ಲ್ಯುಡಬ್ಲ್ಯುಎನ್ ಅಂತ ಶುರುವಾಗೋ ಹೆಸರಲ್ಲಿ ಮುಂದೆ ಸೊನ್ನೆ ಎಕ್ಸ್ ಅಂಟಿಕೊಂಡಿರುತ್ತೆ, ಸ್ಕಸಿ ಅಂತ ಶುರುವಾಗೋ ಹೆಸರಲ್ಲಿ ಮುಂದೆ ಒಂದು 3 ಅಂಟಿಕೊಂಡಿರುತ್ತೆ. ಆ 3 ಡಿಸ್ಕಿನ ನಂಬರಲ್ಲ, ಮುಂದೆ ಬರೋ ಗುರುತು ಎನ್‌ಎಎ (ಡಿಸ್ಕ್ ಗುರುತು ಬರೆಯೋ ಒಂದು ಮಾದರಿ) ಜಾತಿದು ಅಂತ ಹೇಳೋ ಗುರುತು. ಇದು ಗೊತ್ತಿಲ್ದೆ ಒಬ್ಬ ಸಹೋದ್ಯೋಗಿ ಎರಡು ದಿನ ಯಾಕೆ ಮ್ಯಾಚ್ ಆಗ್ತಿಲ್ಲ ಅಂತ ಒದ್ದಾಡಿದ್ರು, ಒಂದು ಕಡೆ 32 ಅಕ್ಷರ, ಇನ್ನೊಂದು ಕಡೆ 33.

ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಒಂದು ಸಣ್ಣ ಫಂಕ್ಷನ್ ಬರೀರಿ, ಏನೇ ಬಂದ್ರೂ ಅಡ್ಡಗೆರೆ ಕಿತ್ತು, ಅಕ್ಷರ ಚಿಕ್ಕದು ಮಾಡಿ, ಸೊನ್ನೆ ಎಕ್ಸ್ ಇದ್ರೆ ತೆಗೆದು, ಹಿಂದೆ ಮುಂದೆ ಇರೋ ಖಾಲಿ ಜಾಗ ಕತ್ತರಿಸಿ, ಕೊನೆಯ 32 ಅಕ್ಷರ ಮಾತ್ರ ವಾಪಸ್ ಕೊಡೋ ಥರ. ಎರಡೂ ಕಡೆಯ ಮಾಹಿತಿನೂ ಅದರ ಮೂಲಕನೇ ಹಾಯಿಸಿ, ಆಮೇಲೆ ಹೋಲ್ಸಿ. ನನ್ನ ಇಡೀ ರಿಪೋರ್ಟ್‌ನಲ್ಲಿ ಅತ್ಯಂತ ಬೆಲೆಬಾಳೋ ಭಾಗ ಈ ನಾಲ್ಕೈದು ಸಾಲಿನ ಫಂಕ್ಷನ್ನೇ.

ಒಂದು ಷರತ್ತು ಇದೆ. ಗೆಸ್ಟ್‌ಗೆ ಈ ಯುಯುಐಡಿ ಕಾಣ್ಬೇಕು ಅಂದ್ರೆ ವಿಎಂನಲ್ಲಿ ಡಿಸ್ಕ್ ಎನೇಬಲ್ ಯುಯುಐಡಿ ಅನ್ನೋ ಸೆಟ್ಟಿಂಗ್ ಟ್ರೂ ಇರ್ಬೇಕು. ವಿಂಡೋಸ್ ವಿಎಂಗಳಲ್ಲಿ ಬಹಳ ಸಲ ಅದು ಮೊದಲೇ ಆನ್ ಇರುತ್ತೆ, ಲಿನಕ್ಸ್ ವಿಎಂಗಳಲ್ಲಿ ಎಷ್ಟೋ ಕಡೆ ಇರಲ್ಲ, ಕುಬರ್ನೆಟಿಸ್ ನೋಡ್‌ಗಳಿಗೆ ವಿಸ್ಫಿಯರ್ ಸ್ಟೋರೇಜ್ ಜೋಡಿಸೋರು ಮಾತ್ರ ಇದನ್ನ ತಪ್ಪದೇ ಹಾಕ್ತಾರೆ, ಯಾಕಂದ್ರೆ ಅಲ್ಲಿ ಇದಿಲ್ದೆ ವಾಲ್ಯೂಮ್ ಹತ್ತೋದೇ ಇಲ್ಲ. ಆಫ್ ಇದ್ರೆ ವಿಎಂ ಪವರ್ ಆಫ್ ಮಾಡಿ ಹಾಕ್ಬೇಕು, ಅಂದ್ರೆ ಡೌನ್‌ಟೈಮ್ ಕೇಳ್ಬೇಕು. ಅದಕ್ಕೇ ರಿಪೋರ್ಟ್‌ನಲ್ಲಿ ಈ ಫ್ಲ್ಯಾಗ್ ಒಂದು ಕಾಲಂ ಆಗಿ ಇರ್ಲಿ, ಕಾನ್ಫಿಗ್ ಒಳಗಿನ ಫ್ಲ್ಯಾಗ್ಸ್‌ನಲ್ಲಿ ಸಿಗುತ್ತೆ. ಯಾವ್ಯಾವ ವಿಎಂಗೆ ಇದು ಆಫ್ ಇದೆಯೋ ಆ ಪಟ್ಟಿ ಇಟ್ಕೊಂಡು ಮುಂದಿನ ಪ್ಯಾಚಿಂಗ್ ರೀಬೂಟ್ ದಿನನೇ ಪವರ್ ಆಫ್ ಮಾಡಿಸಿ ಈ ಫ್ಲ್ಯಾಗ್ ಆನ್ ಮಾಡಿಸಿಬಿಡಿ, ಬೇರೆ ಡೌನ್‌ಟೈಮ್ ಬೇಡ.

ಫೈಲ್ ಹೆಸರನ್ನ ಗುರುತಾಗಿ ಬಳಸಿದ್ರೆ ಸಾಕಲ್ವಾ ಅಂತ ಕೇಳ್ತೀರಿ. ಡೇಟಾಸ್ಟೋರ್ (ಡಿಸ್ಕ್ ಫೈಲ್‌ಗಳು ಕೂತಿರೋ ಸ್ಟೋರೇಜ್) ಹೆಸ್ರು, ಫೋಲ್ಡರ್, ವಿಎಂಡಿಕೆ ಅನ್ನೋ ಡಿಸ್ಕ್ ಫೈಲ್, ನೋಡೋಕೆ ಚೆನ್ನಾಗೇ ಇದೆ. ಆದ್ರೆ ಸ್ನ್ಯಾಪ್‌ಶಾಟ್ ತಗೊಂಡ್ರೆ ಅದೇ ಡಿಸ್ಕಿನ ಫೈಲ್ ಹೆಸರಿನ ಕೊನೆಗೆ 000001 ಅಂತ ಸೇರುತ್ತೆ, ಸ್ಟೋರೇಜ್ ವಿಮೋಷನ್ ಮಾಡಿ ಡಿಸ್ಕನ್ನ ಬೇರೆ ಸ್ಟೋರೇಜಿಗೆ ಸಾಗಿಸಿದ್ರೆ ಡೇಟಾಸ್ಟೋರ್ ಬದಲಾಗುತ್ತೆ. ಯುಯುಐಡಿ ಎರಡಕ್ಕೂ ಅಲುಗಾಡಲ್ಲ. ಹೋದ ವಾರದ ರಿಪೋರ್ಟಿನ ಸಿಎಸ್‌ವಿ ಫೈಲ್ ಜೊತೆ ಫೈಲ್ ಹೆಸರಿಟ್ಕೊಂಡು ಹೋಲ್ಸಿದ್ರೆ ಬ್ಯಾಕಪ್ ಓಡ್ತಿರೋ ಹೊತ್ತಲ್ಲಿ ಅರ್ಧ ಡಿಸ್ಕ್ ಹೊಸದು, ಅರ್ಧ ಡಿಸ್ಕ್ ಕಾಣೆ ಅಂತ ತೋರ್ಸುತ್ತೆ. ಫೈಲ್ ಪಾತ್ ರಿಪೋರ್ಟ್‌ನಲ್ಲಿ ಇರ್ಲಿ, ಡಿಲೀಟ್ ಮಾಡೋ ಮುಂಚೆ ಕಣ್ಣಿಗೆ ಬೇಕು, ಆದ್ರೆ ಜೋಡಿಸೋ ದಾರ ಅದಲ್ಲ.

ಯುಯುಐಡಿಗೂ ಒಂದು ತೊಂದ್ರೆ ಇದೆ, ಮುಚ್ಚಿಡಲ್ಲ. ಅದು ವಿಎಂಡಿಕೆಯ ಡಿಸ್ಕ್ರಿಪ್ಟರ್ ಫೈಲ್‌ನಲ್ಲಿ ಒಂದು ಸಾಲಾಗಿ ಬರೆದಿರೋದು. ಯಾರಾದ್ರೂ ಇಎಸ್‌ಎಕ್ಸ್‌ಐ ಹೋಸ್ಟ್ (ವಿಎಂಗಳು ಓಡೋ ವಿಎಂವೇರ್ ಸರ್ವರ್) ಒಳಗೆ ಹೋಗಿ ಡಿಸ್ಕ್ ಫೈಲ್‌ಗಳನ್ನ ಕೈಯಾರೆ ಕಾಪಿ ಮಾಡಿ ಇನ್ನೊಂದು ವಿಎಂಗೆ ತಗುಲಿಸಿದ್ರೆ ಆ ಸಾಲೂ ಕಾಪಿ ಆಗುತ್ತೆ, ಎರಡು ಡಿಸ್ಕಿಗೆ ಒಂದೇ ಯುಯುಐಡಿ. ಬೇರೆ ಬೇರೆ ವಿಎಂನಲ್ಲಿ ಇದ್ರೆ ಗಮನಕ್ಕೆ ಬರಲ್ಲ, ಒಂದೇ ವಿಎಂನಲ್ಲಿ ಎರಡೂ ಸೇರಿದ್ರೆ ಗೆಸ್ಟ್ ತಬ್ಬಿಬ್ಬಾಗುತ್ತೆ, ಲಿನಕ್ಸ್‌ನಲ್ಲಿ ಮಲ್ಟಿಪಾತ್ ಆನ್ ಇದ್ರಂತೂ ಎರಡನ್ನೂ ಒಂದೇ ಡಿಸ್ಕಿನ ಎರಡು ದಾರಿ ಅನ್ಕೊಳ್ಳುತ್ತೆ, ಅದು ನಿಜಕ್ಕೂ ಡೇಟಾ ಹಾಳಾಗೋ ಪರಿಸ್ಥಿತಿ. ಸ್ಕ್ರಿಪ್ಟ್ ಕೊನೇಲಿ ಯುಯುಐಡಿ ಮೇಲೆ ಗ್ರೂಪ್ ಮಾಡಿ, ಒಂದಕ್ಕಿಂತ ಜಾಸ್ತಿ ಬಂದಿದ್ದನ್ನೆಲ್ಲ ಬೇರೆ ಫೈಲ್‌ಗೆ ಬರೀರಿ. ಶೇರ್ಡ್ ಡಿಸ್ಕ್‌ಗಳು ಬಿಟ್ರೆ ಉಳಿದವು ಯಾವ್ದೂ ಅಲ್ಲಿ ಇರಬಾರ್ದು. ಇದ್ರೆ ವಿಎಂಕೆಎಫ್‌ಎಸ್‌ಟೂಲ್ಸ್ ಅನ್ನೋ ಕಮಾಂಡ್‌ನಲ್ಲಿ ಹೊಸ ಯುಯುಐಡಿ ಹಾಕೋಕೆ ಆಯ್ಕೆ ಇದೆ.

ಈಗ ಸ್ಕ್ರಿಪ್ಟ್ ಕಟ್ಟೋದು. ಪವರ್‌ಸಿಎಲ್‌ಐ, ಅಂದ್ರೆ ಪವರ್‌ಶೆಲ್‌ಗೆ ವಿಎಂವೇರ್ ಕೊಡೋ ಕಮಾಂಡ್‌ಗಳು, ಅದನ್ನ ಹೊಸದಾಗಿ ಕಲ್ತೋರು ಎಲ್ರೂ ಬರೆಯೋದು ಹೀಗೆ: ಗೆಟ್-ವಿಎಂ, ಪ್ರತಿ ವಿಎಂಗೂ ಗೆಟ್-ಹಾರ್ಡ್‌ಡಿಸ್ಕ್, ಪ್ರತಿ ಡಿಸ್ಕಿಗೂ ಗೆಟ್-ಸ್ಕಸಿಕಂಟ್ರೋಲರ್. ಓದೋಕೆ ಸುಂದರವಾಗಿದೆ, ಹತ್ತು ವಿಎಂಗೆ ಪರವಾಗಿಲ್ಲ. ನೂರಾರು ವಿಎಂ ಇದ್ರೆ ಪ್ರತಿ ಸಲನೂ ವಿಸೆಂಟರ್‌ಗೆ ಹೋಗಿ ಬರೋದ್ರಲ್ಲೇ ಗಂಟೆಗಟ್ಲೆ ಕಳೆಯುತ್ತೆ. ಜೊತೆಗೆ ಗೆಟ್-ಸ್ಕಸಿಕಂಟ್ರೋಲರ್ ಅಂದ್ರೆ ಹೆಸರೇ ಹೇಳೋ ಹಾಗೆ ಸ್ಕಸಿ ಮಾತ್ರ, ಸಾಟಾ ಮತ್ತೆ ಎನ್‌ವಿಎಂಇ ಮೇಲಿನ ಡಿಸ್ಕ್‌ಗಳಿಗೆ ಅದರಿಂದ ಪ್ರಯೋಜನ ಇಲ್ಲ. ಅದರ ಬದಲು ಗೆಟ್-ವ್ಯೂ ಬಳಸಿ, ವರ್ಚುಯಲ್ ಮಷೀನ್ ಟೈಪ್ ಕೊಟ್ಟು, ಪ್ರಾಪರ್ಟಿ ಜಾಗದಲ್ಲಿ ನಿಮಗೆ ಬೇಕಾಗಿದ್ದನ್ನ ಮಾತ್ರ ಹೇಳಿ: ಹೆಸ್ರು, ಹಾರ್ಡ್‌ವೇರ್ ಡಿವೈಸ್ ಪಟ್ಟಿ, ಎಕ್ಸ್‌ಟ್ರಾ ಕಾನ್ಫಿಗ್, ಫ್ಲ್ಯಾಗ್ಸ್. ಒಂದೇ ಸಲ ಹೋಗಿ ಎಲ್ಲಾ ಹೊತ್ಕೊಂಡು ಬರುತ್ತೆ. ಆಮೇಲೆ ಪ್ರತಿ ವಿಎಂಗೂ ಮೊದಲು ಒಂದು ಖಾಲಿ ಹ್ಯಾಶ್‌ಟೇಬಲ್, ಡಿವೈಸ್ ಪಟ್ಟೀಲಿ ಬಸ್ ನಂಬರ್ ಇರೋದನ್ನೆಲ್ಲ, ಅಂದ್ರೆ ಕಂಟ್ರೋಲರ್‌ಗಳನ್ನ, ಕೀ ಮೇಲೆ ಅದರೊಳಗೆ ಹಾಕಿ. ಎರಡನೇ ಸುತ್ತಲ್ಲಿ ವರ್ಚುಯಲ್ ಡಿಸ್ಕ್ ಟೈಪ್ ಇರೋದನ್ನ ಮಾತ್ರ ಹಿಡಿದು, ಅದರ ಕಂಟ್ರೋಲರ್ ಕೀಯಿಂದ ಹ್ಯಾಶ್‌ಟೇಬಲ್‌ನಲ್ಲಿ ತಂದೆನ, ಅಂದ್ರೆ ಅದರ ಕಂಟ್ರೋಲರನ್ನ, ಹುಡುಕಿ, ಒಂದು ಕಸ್ಟಮ್ ಆಬ್ಜೆಕ್ಟ್ ಮಾಡಿ ಹೊರಗೆ ಬಿಡಿ. ಲೂಪ್ ಒಳಗೆ ಅರೇಗೆ ಪ್ಲಸ್ ಈಕ್ವಲ್ ಮಾಡ್ತಾ ಹೋಗ್ಬೇಡಿ, ಪ್ರತಿ ಸಲನೂ ಇಡೀ ಅರೇ ಹೊಸದಾಗಿ ಕಾಪಿ ಆಗುತ್ತೆ, ಲೂಪಿನ ಔಟ್‌ಪುಟ್ಟನ್ನೇ ನೇರವಾಗಿ ವೇರಿಯಬಲ್‌ಗೆ ಹಿಡ್ಕೊಳ್ಳಿ.

ಆರ್‌ಡಿಎಂ (ಸ್ಟೋರೇಜ್ ಬಾಕ್ಸಿನ ಡಿಸ್ಕನ್ನ ನೇರವಾಗಿ ವಿಎಂಗೆ ಕೊಡೋದು) ಇರೋರಿಗೆ ಒಂದು ಎಚ್ಚರಿಕೆ: ಅಲ್ಲಿ ಬ್ಯಾಕಿಂಗ್ ಜಾತಿನೇ ಬೇರೆ, ಲನ್ ಯುಯುಐಡಿ ಮತ್ತೆ ಕಂಪ್ಯಾಟಿಬಿಲಿಟಿ ಮೋಡ್ ಬೇರೆ ಬೇರೆ ಪ್ರಾಪರ್ಟಿ. ಫಿಸಿಕಲ್ ಮೋಡ್ ಆದ್ರೆ ಗೆಸ್ಟ್ ನೋಡೋದು ಸ್ಟೋರೇಜ್ ಬಾಕ್ಸಿನ ಸ್ವಂತ ಗುರುತು, 6000ಸಿ29 ಅಲ್ಲ. ಆ ಸಾಲುಗಳನ್ನ ಎನ್‌ಎಎ ಹೆಸರಿಂದ ಜೋಡಿಸ್ಬೇಕು, ಅದು ಗೆಟ್-ಹಾರ್ಡ್‌ಡಿಸ್ಕ್ ಕೊಡೋ ಸ್ಕಸಿ ಕೆನಾನಿಕಲ್ ನೇಮ್‌ನಲ್ಲಿ ಸಿಗುತ್ತೆ.

ಗೆಸ್ಟ್ ಕಡೆಯಿಂದ ತರೋದು ಹೇಗೆ? ಮೂರು ದಾರಿ ಇದೆ. ವಿಂಡೋಸ್ ಆದ್ರೆ ರಿಮೋಟಿಂಗ್‌ನಲ್ಲಿ ಗೆಟ್-ಡಿಸ್ಕ್ ಮತ್ತೆ ಗೆಟ್-ಪಾರ್ಟಿಶನ್, ಲಿನಕ್ಸ್ ಆದ್ರೆ ಎಸ್‌ಎಸ್‌ಎಚ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ, ಜೇಸನ್ ಔಟ್‌ಪುಟ್ ಕೇಳಿದ್ರೆ ಪಾರ್ಸ್ ಮಾಡೋದು ಸುಲಭ. ನೆಟ್‌ವರ್ಕ್ ದಾರಿ ಇಲ್ದಿದ್ರೆ ವಿಎಂವೇರ್ ಟೂಲ್ಸ್ ಮೂಲಕ ಇನ್ವೋಕ್-ವಿಎಂಸ್ಕ್ರಿಪ್ಟ್, ಅದಕ್ಕೆ ಗೆಸ್ಟ್ ಲಾಗಿನ್ ಬೇಕು, ನಿಧಾನ ಕೂಡ. ಮೂರನೇದು, ವಿಸ್ಫಿಯರ್ 7 ರಿಂದ, ಹೊಸ ಟೂಲ್ಸ್ ಇದ್ರೆ, ಗೆಸ್ಟ್ ಮಾಹಿತಿ ಒಳಗಿನ ಡಿಸ್ಕ್ ಪಟ್ಟೀಲೇ ಈ ವಾಲ್ಯೂಮ್ ಯಾವ ವರ್ಚುಯಲ್ ಡಿಸ್ಕ್ ಕೀ ಮೇಲೆ ಇದೆ ಅಂತ ಮ್ಯಾಪಿಂಗ್ ಬರುತ್ತೆ, ಪವರ್‌ಸಿಎಲ್‌ಐನಲ್ಲಿ ಗೆಟ್-ವಿಎಂಗೆಸ್ಟ್‌ಡಿಸ್ಕ್. ಎಲ್ಲಾ ವಿಎಂ ಹೊಸ ಟೂಲ್ಸ್‌ನಲ್ಲಿ ಇರೋ ಅದೃಷ್ಟವಂತರು ಇದನ್ನೇ ಮೊದಲು ನೋಡಿ. ನಾನು ಯುಯುಐಡಿ ಹೋಲಿಕೆ ಮತ್ತೆ ಈ ಮ್ಯಾಪಿಂಗ್ ಎರಡನ್ನೂ ಓಡಿಸಿ ಹೋಲಿಸ್ತೀನಿ, ಎರಡು ಸಾಕ್ಷಿ ಒಂದೇ ಮಾತು ಹೇಳಿದ್ರೆ ಮಾತ್ರ ಆ ಸಾಲಿಗೆ ಖಚಿತ ಅಂತ ಬರೀತೀನಿ, ಇಲ್ದಿದ್ರೆ ಆ ಜಾಗ ಖಾಲಿ ಬಿಡ್ತೀನಿ. ಊಹೆ ಮಾಡಿ ತುಂಬಿಸಿದ ಕಾಲಮ್ಮಿಗಿಂತ ಖಾಲಿ ಕಾಲಂ ವಾಸಿ, ಖಾಲಿ ಇದ್ರೆ ಓದೋರು ನಿಂತು ಕೇಳ್ತಾರೆ.

ಇಲ್ಲಿ ಒಂದು ಸಾಲಿಗೆ ಒಂದು ಡಿಸ್ಕ್ ಅನ್ನೋ ನಿಯಮ ಮುರಿಯುತ್ತೆ ಅನ್ನೋದು ನೆನಪಿರ್ಲಿ. ಲಿನಕ್ಸ್‌ನಲ್ಲಿ ಎಲ್‌ವಿಎಂ (ಹಲವು ಡಿಸ್ಕ್ ಸೇರಿಸಿ ಹಂಚೋ ವ್ಯವಸ್ಥೆ) ಇದ್ರೆ ಒಂದು ಲಾಜಿಕಲ್ ವಾಲ್ಯೂಮ್ ಮೂರು ಡಿಸ್ಕ್ ಮೇಲೆ ಹರಡಿರುತ್ತೆ, ಒಂದು ಡಿಸ್ಕಲ್ಲಿ ಎರಡು ವಾಲ್ಯೂಮಿನ ತುಂಡು ಇರುತ್ತೆ. ವಿಂಡೋಸ್‌ನಲ್ಲಿ ಸ್ಟೋರೇಜ್ ಸ್ಪೇಸಸ್ ಮಾಡಿದ್ರೆ ಪೂಲ್‌ಗೆ ಸೇರಿದ ಡಿಸ್ಕ್‌ಗಳು ಗೆಟ್-ಡಿಸ್ಕ್‌ನಲ್ಲಿ ಕಾಣೋದೇ ಇಲ್ಲ, ಗೆಟ್-ಫಿಸಿಕಲ್‌ಡಿಸ್ಕ್ ಕೇಳ್ಬೇಕು. ಡಿಸ್ಕ್ ಮತ್ತೆ ವಾಲ್ಯೂಮ್ ಜೋಡಿಗೆ ಒಂದು ಸಾಲು ಮಾಡಿ. ಸಾಲು ಜಾಸ್ತಿ ಆಗುತ್ತೆ, ಆಗ್ಲಿ.

ಸಿಎಸ್‌ವಿ ಬಗ್ಗೆ ಒಂದು ಸಣ್ಣ ವಿಷಯ, ಆದ್ರೆ ನನಗೆ ಇದು ದೊಡ್ಡದು. ಸ್ಕಸಿ ವಿಳಾಸನ ನಾವೆಲ್ಲ 0:1, 1:0 ಅಂತ ಬರೀತೀವಿ. ಆ ಫೈಲನ್ನ ಎಕ್ಸೆಲ್‌ನಲ್ಲಿ ತೆಗೆದ ತಕ್ಷಣ ಎಕ್ಸೆಲ್ ಅದನ್ನ ಗಡಿಯಾರದ ಹೊತ್ತು ಅನ್ಕೊಳ್ಳುತ್ತೆ, 0:1 ಹೋಗಿ 0:01 ಆಗುತ್ತೆ, 1:0 ಹೋಗಿ 1:00 ಆಗುತ್ತೆ, 1:10 ಹಾಗೇ ಕಾಣುತ್ತೆ ಆದ್ರೆ ಒಳಗೆ ಅದೂ ಹೊತ್ತೇ. ಸೇವ್ ಮಾಡಿ ವಾಪಸ್ ಕಳ್ಸಿದ್ರೆ ನಿಮ್ಮ ಸ್ಕ್ರಿಪ್ಟ್‌ಗೆ ಅದು ಓದೋಕೆ ಬರಲ್ಲ. ಪರಿಹಾರ ಸುಲಭ: ವಿಳಾಸದ ಮುಂದೆ ಸ್ಕಸಿ ಅಂತಲೋ ಸಾಟಾ ಅಂತಲೋ ಹೆಸ್ರು ಅಂಟಿಸಿ, ಆಗ ಅದು ಪಠ್ಯ ಆಗಿಯೇ ಉಳಿಯುತ್ತೆ, ಮೇಲಾಗಿ ಸ್ಕಸಿ 0:1 ಮತ್ತೆ ಸಾಟಾ 0:1 ಅದಲು ಬದಲಾಗೋದೂ ತಪ್ಪುತ್ತೆ. ಬಸ್ ಮತ್ತೆ ಯೂನಿಟ್ ಬೇರೆ ಬೇರೆ ಕಾಲಮ್ಮಿನಲ್ಲೂ ಇಡಿ, ಸಾರ್ಟ್ ಮಾಡೋಕೆ ಬೇಕಾಗುತ್ತೆ.

ಬೇರೆ ಹೈಪರ್‌ವೈಸರ್‌ಗಳು, ಚಿಕ್ಕದಾಗಿ. ಮೈಕ್ರೋಸಾಫ್ಟ್‌ನ ಹೈಪರ್-ವಿನಲ್ಲಿ ಗೆಟ್-ವಿಎಂಹಾರ್ಡ್‌ಡಿಸ್ಕ್‌ಡ್ರೈವ್ ಕೊಟ್ರೆ ಕಂಟ್ರೋಲರ್ ಟೈಪ್, ಕಂಟ್ರೋಲರ್ ನಂಬರ್, ಕಂಟ್ರೋಲರ್ ಲೊಕೇಶನ್ ಮೂರೂ ನೇರವಾಗಿ ಸಿಗುತ್ತೆ, ಹುಡುಕೋ ಕೆಲ್ಸನೇ ಇಲ್ಲ. ಜನರೇಶನ್ 1 ವಿಎಂ ಬೂಟ್ ಆಗೋದು ಐಡಿಇ ಮೇಲೆ, ಜನರೇಶನ್ 2 ರಲ್ಲಿ ಐಡಿಇನೇ ಇಲ್ಲ, ಸ್ಕಸಿ ಕಂಟ್ರೋಲರ್ ನಾಲ್ಕು, ಒಂದಕ್ಕೆ 64. ಕೆವಿಎಂ (ಲಿನಕ್ಸ್‌ನ ಹೈಪರ್‌ವೈಸರ್) ಇರೋರು ಲಿಬ್‌ವರ್ಟ್ ಎಕ್ಸ್‌ಎಂಎಲ್‌ನಲ್ಲಿ ವಿಡಿಎ, ವಿಡಿಬಿ ಅಂತ ಬರೆದಿರೋ ಟಾರ್ಗೆಟ್ ಹೆಸರನ್ನ ನಂಬ್ಬೇಡಿ, ಗೆಸ್ಟ್ ಒಳಗೂ ಅದೇ ಹೆಸ್ರು ಬರುತ್ತೆ ಅಂತ ಯಾವ ಖಾತ್ರಿನೂ ಇಲ್ಲ. ಪ್ರತಿ ಡಿಸ್ಕಿಗೂ ನೀವೇ ಒಂದು ಸೀರಿಯಲ್ ಕೊಡಿ, ಅದು ಗೆಸ್ಟ್‌ನ ಬೈ-ಐಡಿ ಫೋಲ್ಡರ್‌ನಲ್ಲಿ ಹಾಗೇ ಕಾಣುತ್ತೆ. ವರ್ಟ್‌ಐಓ ಬ್ಲಾಕ್ ಡಿಸ್ಕ್ ಆದ್ರೆ ಸೀರಿಯಲ್‌ಗೆ 20 ಅಕ್ಷರದ ಮಿತಿ ಇದೆ, ಅಡ್ಡಗೆರೆ ಸೇರಿ 36 ಅಕ್ಷರದ ಯುಯುಐಡಿ ತುರುಕಿದ್ರೆ ಬಾಲ ಕತ್ತರಿಸಿಹೋಗುತ್ತೆ, ಎರಡು ಡಿಸ್ಕಿನ ವ್ಯತ್ಯಾಸ ಆ ಬಾಲದಲ್ಲೇ ಇದ್ರೆ ಕಥೆ ಮುಗೀತು.

ಪ್ರಶ್ನೆಗಳು ತುಂಬಾ ಬಂದ್ವು, ಎರಡು ಮಾತ್ರ ಬರೀತೀನಿ.

ಒಬ್ರು ಕೇಳಿದ್ರು, ನಾವು ಪ್ರತಿ ಡಿಸ್ಕಿಗೂ ಸ್ವಲ್ಪ ಬೇರೆ ಸೈಜ್ ಕೊಡ್ತೀವಿ, 200, 201, 202 ಜಿಬಿ ಅಂತ, ಆಮೇಲೆ ಸೈಜ್ ನೋಡಿನೇ ಗುರುತು ಹಿಡೀತೀವಿ, ಅಷ್ಟು ಸಾಲ್ದಾ ಅಂತ. ಒಳ್ಳೇ ಅಭ್ಯಾಸನೇ, ಬಿಡ್ಬೇಡಿ, ಕಣ್ಣಿಗೆ ಅದು ಎರಡನೇ ಸಾಕ್ಷಿ. ಆದ್ರೆ ಮೊದಲ ಸಲ ಯಾರೋ 200 ರ ಡಿಸ್ಕಿಗೆ 1 ಜಿಬಿ ಸೇರಿಸಿದ ದಿನ ಆ ವ್ಯವಸ್ಥೆ ಸುಮ್ನೆ ಮುರಿಯುತ್ತೆ, ಯಾರಿಗೂ ಗೊತ್ತಾಗಲ್ಲ. ರಿಪೋರ್ಟ್‌ನಲ್ಲಿ ಸೈಜನ್ನ ಬೈಟ್‌ನಲ್ಲೇ ಬರೀರಿ, ಜಿಬಿಗೆ ರೌಂಡ್ ಮಾಡಿದ್ರೆ ಇರೋ ಸಣ್ಣ ವ್ಯತ್ಯಾಸನೂ ಅಳಿಸಿಹೋಗುತ್ತೆ.

ಇನ್ನೊಬ್ರು, ರಿಪೋರ್ಟ್ ತೆಗೆದ್ಮೇಲೆ ನಮ್ಮಲ್ಲಿ ಹಳೇ ಎಲ್‌ಎಸ್‌ಐ ಕಂಟ್ರೋಲರ್‌ಗಳು ಎಷ್ಟಿವೆ ಅಂತ ಗೊತ್ತಾಯ್ತು, ಎಲ್ಲಾ ಪ್ಯಾರಾವರ್ಚುಯಲ್‌ಗೆ ಬದಲಾಯಿಸಲಾ ಅಂತ ಕೇಳಿದ್ರು. ಡೇಟಾ ಡಿಸ್ಕ್‌ಗಳಿರೋ ಕಂಟ್ರೋಲರ್ ಆದ್ರೆ ಕಷ್ಟ ಇಲ್ಲ. ಬೂಟ್ ಡಿಸ್ಕ್ ಇರೋ ಕಂಟ್ರೋಲರ್ ವಿಂಡೋಸ್‌ನಲ್ಲಿ ನೇರವಾಗಿ ಬದಲಾಯಿಸಿದ್ರೆ ಡ್ರೈವರ್ ಇಲ್ದೆ ನೀಲಿ ಸ್ಕ್ರೀನ್ ಬರುತ್ತೆ. ಮೊದಲು ಹೊಸ ಪ್ಯಾರಾವರ್ಚುಯಲ್ ಕಂಟ್ರೋಲರ್ ಸೇರಿಸಿ ಅದರ ಮೇಲೆ 1 ಜಿಬಿ ತಾತ್ಕಾಲಿಕ ಡಿಸ್ಕ್ ಹಾಕಿ, ವಿಂಡೋಸ್ ಡ್ರೈವರ್ ಲೋಡ್ ಮಾಡ್ಕೊಳ್ಳಲಿ, ಆಮೇಲೆ ಆಫ್ ಮಾಡಿ ಬೂಟ್ ಕಂಟ್ರೋಲರ್ ಬದಲಾಯಿಸಿ. ಬದಲಾಯಿಸೋ ಮುಂಚೆ ಒಂದು ರಿಪೋರ್ಟ್, ಆನ್ ಆದ್ಮೇಲೆ ಇನ್ನೊಂದು, ಎರಡನ್ನೂ ಯುಯುಐಡಿ ಮೇಲೆ ಹೋಲ್ಸಿ. ಪಿಸಿಐ ಸ್ಲಾಟ್ ಕಾಲಂ ಬದಲಾಗಿರುತ್ತೆ, ಲಿನಕ್ಸ್ ಆಗಿದ್ರೆ ಎಸ್‌ಡಿಬಿ ಎಸ್‌ಡಿಸಿ ಅದಲು ಬದಲಾಗಿರಬಹುದು, ವಿಂಡೋಸ್‌ನಲ್ಲಿ ಒಂದೆರಡು ಡಿಸ್ಕ್ ಆಫ್‌ಲೈನ್ ಆಗಿ ಕೂತಿರಬಹುದು, ಆನ್‌ಲೈನ್ ಮಾಡಿದ್ರೆ ಆಯ್ತು. ಆ ತಾತ್ಕಾಲಿಕ 1 ಜಿಬಿ ಡಿಸ್ಕ್ ತೆಗೆಯೋವಾಗ ಮಾತ್ರ ಅದರ ಯುಯುಐಡಿ ಎರಡೂ ಕಡೆ ಓದಿ ನೋಡ್ಕೊಂಡೇ ತೆಗೀರಿ, ಸೈಜ್ 1 ಜಿಬಿ ಇದೆ ಅಂತ ಗೊತ್ತಿದ್ರೂ ಸರಿ.